ಸಂಪಿಗೆ ಹೂ ಬಿಡಲು ಇನ್ನೆಷ್ಟು ವರ್ಷ?

ಪ್ರಶ್ನೆ: ನಾನೇ ಬೀಜ ಹಾಕಿ ಬೆಳೆಸಿದ ಸಂಪಿಗೆಗೆ 5 ವರ್ಷ. ಆಳೆತ್ತರ ದಾಟಿದೆ, ಒಂದು ಮೊಗ್ಗೂ ಇಲ್ಲ. ನರ್ಸರಿಯವರು ‘ಅದು ಬೀಜದ ಗಿಡ, ಕಸಿನೋ ಗೂಟಿನೋ ತಗೊಳ್ಳಿ’ ಅನ್ನುತ್ತಾರೆ. ಏನಿದು? ನನ್ನ ಗಿಡ ಕಡಿದುಬಿಡಲೇ? ಕಕ್ಕೆ ಬೀಜವನ್ನೂ ಹಾಕಿದ್ದೆ. 2 ತಿಂಗಳಾದರೂ ಮೊಳೆತಿಲ್ಲ.
– ಓದುಗರೊಬ್ಬರು, ಸಾಗರ

ಉತ್ತರ: ದಯವಿಟ್ಟು ಕತ್ತಿ ಕೆಳಗಿಡಿ! ಬೀಜದಿಂದ ಬಂದ ಸಂಪಿಗೆ ಹೂ ಬಿಡಲು ಸಾಮಾನ್ಯವಾಗಿ 8ರಿಂದ 10 ವರ್ಷ ಬೇಕು. ನಿಮ್ಮದಿನ್ನೂ ಅರ್ಧ ದಾರಿಯಲ್ಲಿದೆ. ತಾಯಿಮರದ ಬಣ್ಣ, ಪರಿಮಳ ಹಾಗೇ ಬರುತ್ತದೆಂಬ ಖಾತ್ರಿ ಇಲ್ಲ, ನಿಜ. ಆದರೆ ತಾಯಿಬೇರು ಆಳಕ್ಕಿಳಿದಿರುತ್ತದೆ, ಮರ ಗಟ್ಟಿ.

ಕಸಿ ಅಂದರೆ ಒಂದು ಗಿಡದ ಬೇರಿಗೆ ಇನ್ನೊಂದರ ಕೊಂಬೆ ಕೂಡಿಸುವುದು. ಕೆಳಗಿನ ಬೀಜದ ಗಿಡ ಬೇರುಸಸಿ, ಮೇಲೆ ಕೂಡಿಸುವುದು ಕಸಿಕಡ್ಡಿ. ಈ ಕಡ್ಡಿಯನ್ನು ಹೂ ಬಿಡುತ್ತಿರುವ ಮರದಿಂದಲೇ ತೆಗೆಯಬೇಕು. ಗುಟ್ಟು ಇರುವುದು ಇಲ್ಲೇ. ನೋಡಲು ಪುಟ್ಟ ಕಡ್ಡಿ, ವಯಸ್ಸು ಮಾತ್ರ ತಾಯಿಮರದ್ದು. ಹಾಗಾಗಿ 2–3 ವರ್ಷಕ್ಕೇ ಹೂ. ತೊಗಟೆ ಸುಲಿದರೆ ಲೋಳೆಯಂತೆ ಜಾರುವ ತೆಳು ಪದರ ಸಿಗುತ್ತದಲ್ವಾ, ಎರಡರ ಆ ಪದರಗಳೂ ಒಂದಕ್ಕೊಂದು ತಾಗಬೇಕು. ಇಲ್ಲದಿದ್ದರೆ ಪಟ್ಟಿ ಎಷ್ಟು ಬಿಗಿದರೂ ಕಸಿ ಹಿಡಿಯುವುದಿಲ್ಲ.

ಕಸಿ ಗಿಡ ತಂದರೆ, ಕಡ್ಡಿ ಕೂಡಿಸಿದ ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಿ. ಅದು ಬೇರುಸಸಿಯದು. ಹುಲುಸಾಗಿದೆ ಅಂತ ಸುಮ್ನೆ ಬಿಟ್ಟು, ಮೇಲಿನ ಕಸಿಯೇ ಒಣಗಿಹೋದ ಗಿಡಗಳನ್ನು ಬೇಕಾದಷ್ಟು ನೋಡಿದ್ದೇನೆ.

ಗೂಟಿಯಲ್ಲಿ ಎರಡು ಗಿಡದ ವ್ಯವಹಾರವೇ ಇಲ್ಲ. ಮರದಲ್ಲಿರುವಾಗಲೇ ಪೆನ್ಸಿಲ್ ದಪ್ಪದ ಕೊಂಬೆಯಿಂದ ಒಂದಿಂಚು ತೊಗಟೆಯನ್ನು ಉಂಗುರದಂತೆ ಬಿಡಿಸಿ, ಒದ್ದೆ ಪಾಚಿ ಇಟ್ಟು ಪ್ಲಾಸ್ಟಿಕ್ ಸುತ್ತಿ ಕಟ್ಟುತ್ತಾರೆ. ಎಲೆ ಮಾಡಿದ ಆಹಾರ ಕೆಳಗಿಳಿಯಲಾಗದೆ ಅಲ್ಲೇ ಸೇರಿ, ಬೇರೊಡೆಯುತ್ತದೆ. ಆಮೇಲೆ ಕತ್ತರಿಸಿ ನೆಡುವುದು. ಮಳೆಗಾಲದ ಶುರುವಿನಲ್ಲಿ ಕಟ್ಟಿದರೆ ಒಳ್ಳೆಯದು. ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ನಿಮ್ಮ ಕಡೆಯ ಗಾಳಿಮಳೆಗೆ ಮೊದಲ ವರ್ಷಗಳಲ್ಲಿ ಆಸರೆಗೊಂದು ಗೂಟ ಬೇಕೇ ಬೇಕು. ಜಾಗ ಇದ್ದರೆ ನಾನಂತೂ ಕಸಿಯನ್ನೇ ಆರಿಸುತ್ತೇನೆ. ಅಂದಹಾಗೆ, ಬಿಳಿ ಸಂಪಿಗೆಯ ಆಸೆ ಇದ್ದರೆ ಬೀಜಕ್ಕಾಗಿ ಕಾಯಬೇಡಿ. ಅದು ಮಿಶ್ರತಳಿ, ಬೀಜ ಕಟ್ಟುವುದೇ ಅಪರೂಪ.

ಇನ್ನು ಕಕ್ಕೆ. ಅದರ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ನೀರು ಒಳಗೆ ಹೋಗುವುದಿಲ್ಲ. ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ, ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ಉಜ್ಜಿ. ಸಂಪಿಗೆಯದು ಇದಕ್ಕೆ ತೀರಾ ಉಲ್ಟಾ. ಕೆಂಪು ಸಿಪ್ಪೆ ತಿಕ್ಕಿ ತೆಗೆದು ಹಸಿಯಾಗಿರುವಾಗಲೇ ಬಿತ್ತಬೇಕು, ಒಣಗಿಸಿಟ್ಟರೆ ಕೆಲವೇ ವಾರಗಳಲ್ಲಿ ಸಾಯುತ್ತದೆ.

ಕಕ್ಕೆ ಹಾಕಿದ ಕುಂಡದ ಮಣ್ಣು ಚೆಲ್ಲಿಲ್ಲ ತಾನೇ? ಬೀಜ ಕೊಳೆತಿರದಿದ್ದರೆ ಹೆಕ್ಕಿ ತೆಗೆದು ಉಜ್ಜಿ ನೋಡಿ.