ನಾದಿನಿಯನ್ನು ನೋಡಿ ಹೆದರಿದ್ದ ಸೊಸೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕಾಸರಗೋಡಿನ ಗಡಿ ಕಡೆಯ ಊರು. ಮನೆ ಹಿಂದೆ ಗುಡ್ಡ, ಗುಡ್ಡದ ತುಂಬ ಗೇರುಮರ. ಮದುವೆಯಾಗಿ ಮೂರು ವರ್ಷವಾದರೂ ಆಕೆ ಮಗು ಬೇಡವೆಂದೇ ಮುಂದೂಡುತ್ತಿದ್ದಳು. ನಾದಿನಿಗೆ ಮೂವತ್ತು ದಾಟಿದೆ, ಇನ್ನೂ ಕೂರಲಾಗುವುದಿಲ್ಲ. "ಅಕ್ಕಾ, ನನಗೂ ಹಾಗೇ ಆದರೆ?"

ಪಕ್ಕದಲ್ಲಿದ್ದ ಅತ್ತೆ ಸೆರಗಿನ ತುದಿ ಸುತ್ತುತ್ತಾ ಹೇಳಿದರು: "ಬಸುರಿಯಲ್ಲಿ ಗುಡ್ಡ ಕೊರೆದ ಸುರಂಗದಿಂದ ಬರುವ ನೀರೇ ಕುಡಿದದ್ದು. ಹೆಲಿಕಾಪ್ಟರ್ ಬರುವಾಗ ತೊಟ್ಟಿ ಮುಚ್ಚಬೇಕಿತ್ತು. ನಾನು ಮುಚ್ಚಲಿಲ್ಲ."

ಮೊದಲು ಅವರ ಜೊತೆಗೇ ಮಾತಾಡಿದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿತು. ಆಕಾಶದಿಂದ ಬಿದ್ದ ವಿಷಕ್ಕೆ ತಾಯಿ ಹೇಗೆ ಹೊಣೆ? ಅವರು ಅತ್ತರು. ಅಳಲಿ ಎಂದು ಸುಮ್ಮನೆ ಕೂತೆ.

ಸೊಸೆಗೆ ಸುಳ್ಳು ಭರವಸೆ ಕೊಡಲಿಲ್ಲ. ಸಿಂಪಡಣೆ ನಿಂತು ಎಷ್ಟೋ ವರ್ಷವಾಯಿತು. ವಿಷ ಸಿಂಪಡಿಸದ ಊರಲ್ಲೂ ನೂರಕ್ಕೆ ಎರಡು ಮೂರು ಮಕ್ಕಳು ಏನಾದರೂ ಊನದಿಂದ ಹುಟ್ಟುತ್ತಾರೆ. ನಾದಿನಿಯ ಕಾಯಿಲೆ ವಂಶದಲ್ಲಿ ಬಂದದ್ದೂ ಇರಬಹುದು, ಆಸ್ಪತ್ರೆಯ ಹಳೆ ಚೀಟಿಗಳನ್ನೆಲ್ಲ ವಂಶವಾಹಿ (ಜೆನೆಟಿಕ್ಸ್) ತಜ್ಞರಿಗೆ ತೋರಿಸಿ ಎಂದೆ. ಗಂಡಹೆಂಡತಿ ಸಂಬಂಧಿಕರಾ ಅಂತಲೂ ಕೇಳಿದೆ. ಅಲ್ಲ ಎಂದಳು.

ಆಮೇಲೆ ಕೇಳಿದೆ, "ಈಗ ಮನೆಯಲ್ಲಿ ಏನಿದೆ?" ಗಂಡ ಅಡಿಕೆ ತೋಟಕ್ಕೆ ಕಳೆನಾಶಕ ಬಿಡುತ್ತಾನಂತೆ. ಅರ್ಧ ಖಾಲಿಯಾದ ಕ್ಯಾನ್ ಅಡುಗೆಮನೆ ಅಟ್ಟದಲ್ಲಿ. ಅವನ ಅಂಗಿಯನ್ನು ಈಕೆ ತನ್ನ ಬಟ್ಟೆ ಜೊತೆ ನೆನೆಸಿ ಬರಿಗೈಯಲ್ಲಿ ಉಜ್ಜುತ್ತಾಳೆ! ಹಳೇ ಹೆಲಿಕಾಪ್ಟರಿಗೆ ಹೆದರುವವರು ಇದನ್ನು ಗಮನಿಸುವುದೇ ಇಲ್ಲ.

ಹೇಳಿದ್ದು ಇಷ್ಟು: ಮದ್ದು ಬಿಟ್ಟವನು ಹೊರಗೇ ಮಿಂದು ಒಳಗೆ ಬರಲಿ, ಅಂಗಿ ತಾನೇ ಬೇರೆ ಬಕೆಟಿನಲ್ಲಿ ತೊಳೆಯಲಿ. ಖಾಲಿ ಕ್ಯಾನಿನಲ್ಲಿ ನೀರು, ಎಣ್ಣೆ ತುಂಬಿಡಬೇಡಿ. ಮಗುವಿಗೆ ಪ್ರಯತ್ನಿಸುವ ಒಂದು ತಿಂಗಳ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ. ಮಗುವಿನ ಮಿದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ಕಟ್ಟಿದ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ಬಸುರಿ ಎಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ರುಬೆಲ್ಲಾ ಲಸಿಕೆ ಆಗಿರದಿದ್ದರೆ ಹಾಕಿಸಿ, ಒಂದು ತಿಂಗಳು ಕಾದು ಮಗುವಿಗೆ ಪ್ರಯತ್ನಿಸಿ. ಗರ್ಭಿಣಿಯಾದ ಮೇಲೆ 18ರಿಂದ 20 ವಾರದ ಸ್ಕ್ಯಾನ್ ತಪ್ಪಿಸಬೇಡಿ.

ಗಂಡನನ್ನೂ ಮುಂದಿನ ಸಲ ಕರೆತರಲು ಹೇಳಿದ್ದೇನೆ. ಕ್ಯಾನ್ ಎತ್ತಿ ಹೊರಗಿಡಬೇಕಾದವನು ಅವನೇ ಅಲ್ವಾ.