ಕ್ರೋಮ್ ಅಪ್‌ಡೇಟ್ ಆದ ಮೇಲೆ ಯುಬ್ಲಾಕ್ ಒರಿಜಿನ್ ನಿಂತುಹೋಗಿದೆ, ಈಗ ಏನು ಮಾಡಲಿ?

ಕ್ರೋಮ್ ತಾನಾಗಿಯೇ ಅಪ್‌ಡೇಟ್ ಆಯಿತು, ಜಾಹೀರಾತು ತಡೆಯಲು ಬ್ರೌಸರ್‌ಗೆ ಸೇರಿಸಿಕೊಂಡಿದ್ದ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ ಪಕ್ಕದಲ್ಲಿ ‘ಈ ಎಕ್ಸ್‌ಟೆನ್ಶನ್‌ಗೆ ಇನ್ನು ಬೆಂಬಲವಿಲ್ಲ’ ಅಂತ ಬರುತ್ತಿದೆ, ಆನ್ ಮಾಡಲು ಹೋದರೆ ಆಗುತ್ತಿಲ್ಲ, ಯೂಟ್ಯೂಬ್‌ನಲ್ಲೂ ನ್ಯೂಸ್ ಸೈಟ್‌ಗಳಲ್ಲೂ ಜಾಹೀರಾತು ಮತ್ತೆ ಶುರುವಾಗಿದೆ, ಸರಿಮಾಡಲು ಏನಾದರೂ ದಾರಿ ಇದೆಯಾ ಎಂದು ಕೇಳಿದ್ದೀರಿ.

ನೇರವಾಗಿ ಹೇಳುತ್ತೇನೆ. ಕ್ರೋಮ್ ಒಳಗೆ ಅದನ್ನು ಮತ್ತೆ ಎಬ್ಬಿಸಲು ಈಗ ದಾರಿ ಇಲ್ಲ. ಫೈರ್‌ಫಾಕ್ಸ್ ಬ್ರೌಸರ್ ಹಾಕಿಕೊಳ್ಳಿ, ಅದರಲ್ಲಿ ಅದೇ ಯುಬ್ಲಾಕ್ ಒರಿಜಿನ್ ಪೂರ್ತಿ ಶಕ್ತಿಯಲ್ಲಿ ನಡೆಯುತ್ತದೆ. ಕ್ರೋಮ್ ಬಿಡಲು ಆಗುವುದೇ ಇಲ್ಲ ಅನ್ನುವುದಾದರೆ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿಕೊಳ್ಳಿ. ಇಷ್ಟೇ ಸಾಕಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಹೀಗಾಯಿತು, ಯಾವುದು ಯಾರಿಗೆ ಸರಿ ಅನ್ನುವುದು ಬೇಕಿದ್ದರೆ ಮುಂದೆ ಓದಿ.

ಮೊದಲು ತಿಳಿದುಕೊಳ್ಳಬೇಕಾದ್ದು, ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ, ಎಕ್ಸ್‌ಟೆನ್ಶನ್ ಕೂಡ ಕೆಟ್ಟಿಲ್ಲ. ಎಕ್ಸ್‌ಟೆನ್ಶನ್‌ಗಳು ಹೇಗಿರಬೇಕು, ಏನು ಮಾಡಬಹುದು ಅನ್ನುವ ನಿಯಮಗಳಿಗೆ ಮ್ಯಾನಿಫೆಸ್ಟ್ ಅಂತಾರೆ. ಇಷ್ಟು ವರ್ಷ ಇದ್ದದ್ದು ಎರಡನೆಯ ಆವೃತ್ತಿ, ಮ್ಯಾನಿಫೆಸ್ಟ್ ವಿ2. ಅದನ್ನು ತೆಗೆದು ವಿ3 ತರುವ ಯೋಜನೆಯನ್ನು ಗೂಗಲ್ 2018ರ ಕೊನೆಯಲ್ಲೇ ಹೊರಗಿಟ್ಟಿತ್ತು. ಇದು ಬಂದರೆ ನನ್ನ ಎಕ್ಸ್‌ಟೆನ್ಶನ್ ಉಳಿಯುವುದಿಲ್ಲ ಎಂದು ಯುಬ್ಲಾಕ್ ಒರಿಜಿನ್ ಬರೆದ ರೇಮಂಡ್ ಹಿಲ್ 2019ರ ಜನವರಿಯಲ್ಲೇ ಬಹಿರಂಗವಾಗಿ ಎಚ್ಚರಿಸಿದ್ದರು. ಗಲಾಟೆ ಆಯಿತು, ದಿನಾಂಕ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ 2024ರ ಜೂನ್‌ನಲ್ಲಿ ಪ್ರಯೋಗದ ಆವೃತ್ತಿಗಳಲ್ಲಿ ಎಚ್ಚರಿಕೆ ಬರಲು ಶುರುವಾಯಿತು, ಅದೇ ವರ್ಷ ಅಕ್ಟೋಬರ್‌ನಿಂದ ಸಾಮಾನ್ಯ ಬಳಕೆದಾರರ ಕ್ರೋಮ್‌ನಲ್ಲೂ ಒಂದೊಂದಾಗಿ ಆಫ್ ಮಾಡುತ್ತಾ ಬಂದರು. ಕಂಪನಿಗಳ ಕಂಪ್ಯೂಟರ್‌ಗಳಿಗೆ ಅಂತ ಇದ್ದ ಒಂದು ಪಾಲಿಸಿ ಬಳಸಿ ಹಳೆಯದನ್ನು ಉಳಿಸಿಕೊಳ್ಳಬಹುದಿತ್ತು, ಅದೂ 2025ರಲ್ಲಿ ಬಂದ ಕ್ರೋಮ್ 138ಕ್ಕೆ ಮುಗಿಯಿತು. 139ರಿಂದ ಆ ಬಾಗಿಲೂ ಇಲ್ಲ. ಹಾಗಾಗಿ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ, ಕ್ರೋಮ್‌ನ ಪ್ರಯೋಗದ ಸೆಟ್ಟಿಂಗ್‌ಗಳಾದ ಫ್ಲ್ಯಾಗ್ಸ್‌ನಲ್ಲಿ ಇದನ್ನು ಬದಲಿಸಿ ಅನ್ನುವ ಹಳೇ ವಿಡಿಯೋಗಳ ಹಿಂದೆ ಬಿದ್ದು ಸುಮ್ನೆ ಸಮಯ ಹಾಳು ಮಾಡಿಕೊಳ್ಳಬೇಡಿ.

ಇನ್ನೊಂದು ಸಲಹೆ ಕೂಡ ಅಲ್ಲಲ್ಲಿ ಕಾಣುತ್ತದೆ: ಹಳೇ ಕ್ರೋಮ್ ಹಾಕಿಕೊಂಡು ಅಪ್‌ಡೇಟ್ ಬಂದ್ ಮಾಡಿ ಅಂತ. ಇದನ್ನಂತೂ ದಯವಿಟ್ಟು ಮಾಡಬೇಡಿ. ಬ್ರೌಸರ್‌ನಲ್ಲಿ ಸಿಗುವ ಭದ್ರತೆಯ ತೂತುಗಳನ್ನು ಮುಚ್ಚುವುದು ಆ ಅಪ್‌ಡೇಟ್‌ಗಳೇ. ಜಾಹೀರಾತು ತಪ್ಪಿಸಲು ಹೋಗಿ ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುವ ಬ್ರೌಸರ್ ಅನ್ನೇ ತೂತು ಬಿಟ್ಟುಕೊಂಡು ಕೂರುವುದು ಯಾವ ಲೆಕ್ಕದಲ್ಲೂ ಸರಿಬರುವುದಿಲ್ಲ.

ಈಗ ಏನು ಬದಲಾಯಿತು ಅನ್ನುವುದು. ಒಂದು ಪುಟ ತೆರೆದಾಗ ಬ್ರೌಸರ್ ಹಿಂದಿನಿಂದ ಎಷ್ಟೋ ಕಡೆಗೆ ಬೇಡಿಕೆ ಕಳಿಸುತ್ತದೆ, ಫೋಟೋ ಒಂದು ಕಡೆಯಿಂದ, ಫಾಂಟ್ ಇನ್ನೊಂದು ಕಡೆಯಿಂದ, ಜಾಹೀರಾತು ಮತ್ತು ನಿಮ್ಮ ಜಾಡು ಹಿಡಿಯುವ ಕೋಡ್ ಮತ್ತೆಲ್ಲಿಂದಲೋ. ಹಳೆಯ ಪದ್ಧತಿಯಲ್ಲಿ ಯುಬ್ಲಾಕ್ ಒರಿಜಿನ್ ಮನೆ ಬಾಗಿಲಲ್ಲಿ ನಿಂತ ನಿಮ್ಮದೇ ಕಾವಲುಗಾರನ ಹಾಗೆ ಪ್ರತಿಯೊಂದನ್ನೂ ತಡೆದು ನೋಡಿ, ಇದು ಬರಲಿ, ಇದು ಬೇಡ ಎಂದು ಆ ಕ್ಷಣದಲ್ಲೇ ತೀರ್ಮಾನಿಸುತ್ತಿತ್ತು. ವಿ3ಯಲ್ಲಿ ಆ ಅಧಿಕಾರ ಇಲ್ಲ. ಎಕ್ಸ್‌ಟೆನ್ಶನ್ ಮೊದಲೇ ಒಂದು ಪಟ್ಟಿ ಬರೆದು ಕ್ರೋಮ್ ಕೈಗೆ ಕೊಡಬೇಕು, ತಡೆಯುವ ಕೆಲಸ ಕ್ರೋಮ್‌ನದು. ಆ ಪಟ್ಟಿ ಹೇಗಿರಬೇಕು, ಎಷ್ಟು ಉದ್ದ ಇರಬೇಕು, ಯಾವ ರೀತಿಯ ನಿಯಮ ಒಪ್ಪುತ್ತೇನೆ ಅನ್ನುವುದೆಲ್ಲ ಕ್ರೋಮ್ ಹೇಳಿದ ಹಾಗೆ. ಒಂದೊಂದು ಎಕ್ಸ್‌ಟೆನ್ಶನ್‌ಗೆ ಖಾತ್ರಿಯಾಗಿ ಸಿಗುವುದು 30,000 ನಿಯಮ. ಅದಕ್ಕಿಂತ ಜಾಸ್ತಿ ಬೇಕಾದರೆ ಎಲ್ಲ ಎಕ್ಸ್‌ಟೆನ್ಶನ್‌ಗಳೂ ಹಂಚಿಕೊಳ್ಳುವ ಒಂದು ಸಾಮಾನ್ಯ ಪಾಲಿನಿಂದ ತೆಗೆದುಕೊಳ್ಳಬೇಕು.

ಗೂಗಲ್ ಕೊಟ್ಟ ಕಾರಣ ಸುರಕ್ಷತೆ, ಖಾಸಗಿತನ ಮತ್ತು ವೇಗ. ಇದರಲ್ಲಿ ಸತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ನೀವು ನೋಡುವ ಪ್ರತಿಯೊಂದು ಪುಟವನ್ನೂ ಓದಬಲ್ಲ ಎಕ್ಸ್‌ಟೆನ್ಶನ್ ತಪ್ಪು ಕೈಗೆ ಹೋದರೆ ನಿಜವಾಗಿಯೂ ಅಪಾಯ. ನ್ಯಾನೋ ಆ್ಯಡ್‌ಬ್ಲಾಕರ್ ಅಂತ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಇತ್ತು, 2020ರಲ್ಲಿ ಬೇರೆಯವರಿಗೆ ಮಾರಾಟ ಆಯಿತು, ಕೊಂಡವರು ಅದರೊಳಗೆ ಕೆಟ್ಟ ಕೋಡ್ ತುಂಬಿದರು. ಆದರೆ ಇಲ್ಲೊಂದು ವಿಷಯ ಗಮನಿಸಿ. ಹೊಸ ನಿಯಮದಲ್ಲೂ ಎಕ್ಸ್‌ಟೆನ್ಶನ್ ಅನುಮತಿ ಪಡೆದು ನಿಮ್ಮ ಬೇಡಿಕೆಗಳನ್ನೆಲ್ಲ ನೋಡುತ್ತಾ ಕೂರಬಹುದು. ನೋಡುವುದಕ್ಕೆ ಅಡ್ಡಿ ಇಲ್ಲ, ತಡೆಯುವುದಕ್ಕೆ ಮಾತ್ರ ಅಡ್ಡಿ! ಕದ್ದು ನೋಡುವವನಿಗೆ ತಡೆಯುವ ಅಗತ್ಯವೇ ಇರುವುದಿಲ್ಲ ಅಲ್ವಾ? ಜಾಹೀರಾತಿನಿಂದಲೇ ಹೆಚ್ಚಿನ ಹಣ ಬರುವ ಕಂಪನಿ, ಜಗತ್ತಿನಲ್ಲಿ ಅತಿ ಹೆಚ್ಚು ಜನ ಬಳಸುವ ಬ್ರೌಸರ್‌ನಲ್ಲಿ, ಜಾಹೀರಾತು ತಡೆಯುವ ಸಾಧನದ ಕೈಯನ್ನೇ ಕಟ್ಟಿದೆ. ನನಗೆ ಇದು ತಪ್ಪು ಅನ್ನಿಸುತ್ತದೆ. ನನ್ನ ಕಂಪ್ಯೂಟರ್‌ಗೆ ಏನು ಬರಬೇಕು, ಏನು ಬರಬಾರದು ಅನ್ನುವ ಮಾತು ನನ್ನದಾಗಿರಬೇಕು. ಬ್ರೌಸರ್ ಬದಲಿಸಿ ಎಂದು ನಾನು ಇಷ್ಟು ಒತ್ತಿ ಹೇಳುವುದೂ ಇದಕ್ಕೇ.

ಜಾಹೀರಾತು ಅಂದರೆ ಬರೀ ಕಿರಿಕಿರಿ ಅಷ್ಟೇ ತಾನೇ ಅನ್ನುವವರಿದ್ದಾರೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಅಂತ ಡ್ರೈವರ್ ಹುಡುಕಿದ್ದಾರೆ, ಯಾವುದೋ ಸೈಟ್ ತೆರೆದುಕೊಂಡಿದೆ. ಪುಟದ ತಲೆಯ ಮೇಲೆ ದಪ್ಪಗೆ ಹಸಿರು ಬಣ್ಣದ ‘ಡೌನ್‌ಲೋಡ್’ ಗುಂಡಿ, ಮಧ್ಯದಲ್ಲಿ ಅಂಥದೇ ಇನ್ನೊಂದು, ಪಕ್ಕದಲ್ಲಿ ಬಾಣದ ಗುರುತು ಇರುವ ಮತ್ತೊಂದು. ಎಲ್ಲವೂ ಜಾಹೀರಾತು. ನಿಜವಾದ ಫೈಲ್‌ನ ಲಿಂಕ್ ಕೆಳಗೆಲ್ಲೋ ಸಣ್ಣ ನೀಲಿ ಅಕ್ಷರದಲ್ಲಿ, ಬೂದು ಗೆರೆಯ ಪಕ್ಕದಲ್ಲಿ. ಅವರು ಮೇಲಿನ ಗುಂಡಿಯನ್ನೇ ಒತ್ತಿದರು, ಯಾರಾದರೂ ಅದನ್ನೇ ಒತ್ತುತ್ತಾರೆ. ‘ಪಿಸಿ ಕ್ಲೀನರ್’ ಒಂದು ಬಂದು ಕೂತಿತು, ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ ಎಂದು ಕೆಂಪು ಕಿಟಕಿ ತೋರಿಸುತ್ತಾ ಹಣ ಕೇಳಲು ಶುರು ಮಾಡಿತು. ಅದನ್ನು ಕಿತ್ತು ಹಾಕುವಷ್ಟರಲ್ಲಿ ಸಾಕಾಯಿತು. ಬ್ಲಾಕರ್ ಇರುವ ಬ್ರೌಸರ್‌ನಲ್ಲಿ ಅದೇ ಪುಟ ತೆರೆದು ತೋರಿಸಿದೆ. ಹಸಿರು ಗುಂಡಿಗಳು ಒಂದೂ ಇಲ್ಲ, ಇರುವುದೊಂದೇ ಲಿಂಕ್. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ, ಹುಡುಕಾಟದ ಫಲಿತಾಂಶದಲ್ಲಿ ಬರುವ ಜಾಹೀರಾತುಗಳ ಮೂಲಕ ವಂಚನೆ ನಡೆಯುತ್ತಿದೆ, ಆ್ಯಡ್ ಬ್ಲಾಕರ್ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟಿತ್ತು. ಪೊಲೀಸರೇ ಹೇಳುವ ಮಟ್ಟಕ್ಕೆ ಬಂದಿದೆ ಅಂದಮೇಲೆ ಇದನ್ನು ಬರೀ ಕಿರಿಕಿರಿ ಅನ್ನಲು ಆಗುವುದಿಲ್ಲ.

ಸರಿ, ಪರ್ಯಾಯಗಳಿಗೆ ಬರೋಣ.

ಫೈರ್‌ಫಾಕ್ಸ್ ನನ್ನ ಮೊದಲ ಆಯ್ಕೆ. ಅದನ್ನು ಮಾಡುವ ಮೊಜಿಲ್ಲಾದವರು ವಿ3ಯನ್ನೂ ಒಪ್ಪುತ್ತಾರೆ, ಹಾಗಂತ ತಡೆಯುವ ಅಧಿಕಾರವನ್ನು ಕಿತ್ತುಕೊಂಡಿಲ್ಲ, ವಿ2 ಕೂಡ ಉಳಿಸಿಕೊಂಡಿದ್ದಾರೆ. ಯುಬ್ಲಾಕ್ ಒರಿಜಿನ್ ಫೈರ್‌ಫಾಕ್ಸ್‌ನಲ್ಲೇ ಅತಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅದನ್ನು ಬರೆದವರೇ ಹೇಳುತ್ತಾರೆ, ಇದು ವಿ3 ಬರುವ ಮೊದಲಿಂದಲೂ ಇದ್ದ ಮಾತು. ಉದಾಹರಣೆಗೆ ಕೆಲವು ಟ್ರ್ಯಾಕರ್‌ಗಳು ನೀವು ನೋಡುತ್ತಿರುವ ಸೈಟ್‌ನದೇ ಹೆಸರು ಹಾಕಿಕೊಂಡು ವೇಷ ಮರೆಸಿ ಬರುತ್ತವೆ. ಆ ಹೆಸರಿನ ಹಿಂದೆ ನಿಜವಾಗಿ ಯಾವ ಸರ್ವರ್ ಇದೆ ಎಂದು ವಿಚಾರಿಸಲು ಫೈರ್‌ಫಾಕ್ಸ್ ಎಕ್ಸ್‌ಟೆನ್ಶನ್‌ಗೆ ಅವಕಾಶ ಕೊಡುತ್ತದೆ, ಕ್ರೋಮ್ ಹಿಂದೆಯೂ ಕೊಡುತ್ತಿರಲಿಲ್ಲ. ಕ್ರೋಮ್‌ನಿಂದ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ತರುವುದು ಸುಲಭ, ಹಾಕುವಾಗ ಅದೇ ಕೇಳುತ್ತದೆ. ಒಂದು ದಿನ ಕೈಗೆ ಹೊಸತು ಅನ್ನಿಸಬಹುದು, ಆಮೇಲೆ ಗೊತ್ತೂ ಆಗುವುದಿಲ್ಲ. ತಕರಾರು ಇಲ್ಲ ಅಂತೇನಿಲ್ಲ. ಕೆಲವು ಆಫೀಸ್ ಸೈಟ್‌ಗಳು, ಕೆಲವು ಸರ್ಕಾರಿ ಸೈಟ್‌ಗಳು ಕ್ರೋಮ್ ನೋಡಿಕೊಂಡೇ ಮಾಡಿದ್ದು, ಅವು ಅಪರೂಪಕ್ಕೆ ಕೈಕೊಡುತ್ತವೆ. ಅದಕ್ಕೆ ಕ್ರೋಮ್ ತೆಗೆಯದೆ ಒಂದು ಕಡೆ ಇಟ್ಟಿರಿ. ಮೊಜಿಲ್ಲಾಗೂ ಹೆಚ್ಚಿನ ಹಣ ಬರುವುದು ಗೂಗಲ್ ಹುಡುಕಾಟದ ಒಪ್ಪಂದದಿಂದ ಅನ್ನುವುದು ನಿಜ, ಅದು ನನಗೂ ಕಳವಳದ ವಿಷಯವೇ. ಆದರೂ ಇವತ್ತು ಬಳಕೆದಾರನಿಗೆ ಈ ಅಧಿಕಾರ ಬಿಟ್ಟಿರುವ ದೊಡ್ಡ ಬ್ರೌಸರ್ ಇದೊಂದೇ.

ಕನ್ನಡ ಸೈಟ್ ಜಾಸ್ತಿ ಓದುವವರಿಗೆ ಇನ್ನೊಂದು ಮಾತು. ಹಾಕಿದ ಕೂಡಲೇ ಯುಬ್ಲಾಕ್ ಒರಿಜಿನ್‌ನ ಡ್ಯಾಶ್‌ಬೋರ್ಡ್ ತೆರೆದು ಫಿಲ್ಟರ್ ಪಟ್ಟಿಗಳ ಪುಟಕ್ಕೆ ಹೋಗಿ. ಕೆಳಗೆ ಪ್ರದೇಶ ಮತ್ತು ಭಾಷೆಗಳ ವಿಭಾಗದಲ್ಲಿ ಇಂಡಿಯನ್‌ಲಿಸ್ಟ್ ಅಂತ ಇದೆ. ಕನ್ನಡವೂ ಸೇರಿ ನಮ್ಮ ದೇಶದ ಭಾಷೆಗಳ ಸೈಟ್‌ಗಳಿಗೆಂದೇ ಇರುವ ಪಟ್ಟಿ ಅದು. ಟಿಕ್ ಹಾಕಿ, ಬದಲಾವಣೆ ಉಳಿಸಿ. ಸುಮಾರು ಜನ ಇದನ್ನು ನೋಡುವುದೇ ಇಲ್ಲ, ಆಮೇಲೆ ಇಂಗ್ಲಿಷ್ ಸೈಟ್ ಸ್ವಚ್ಛ ಇದೆ, ಕನ್ನಡ ಪತ್ರಿಕೆಯ ಸೈಟ್‌ನಲ್ಲಿ ಮಾತ್ರ ಏನೋ ಉಳಿದಿದೆ ಅಂತಾರೆ.

ಕ್ರೋಮ್‌ನಲ್ಲೇ ಇರಬೇಕಾದವರಿಗೆ ಯುಬ್ಲಾಕ್ ಒರಿಜಿನ್ ಲೈಟ್. ಇದೂ ರೇಮಂಡ್ ಹಿಲ್ ಅವರದೇ, ವಿ3 ನಿಯಮದೊಳಗೆ ಎಷ್ಟು ಆಗುತ್ತದೋ ಅಷ್ಟು. ಮಾಮೂಲಿ ಓದುವ, ನೋಡುವ ಕೆಲಸಕ್ಕೆ ಇದು ಸಾಲದು ಅಂತ ಹೇಳಲಾರೆ, ತುಂಬಾ ಜನಕ್ಕೆ ಸಾಕು. ಐಕಾನ್ ಒತ್ತಿದರೆ ತಡೆಯುವ ಮಟ್ಟವನ್ನು ಏರಿಸುವ, ಇಳಿಸುವ ಅವಕಾಶ ಇದೆ, ಜಾಹೀರಾತು ನುಸುಳುವ ಸೈಟ್‌ಗಳಿಗೆ ಅದನ್ನು ಕೊನೆಯ ಮಟ್ಟಕ್ಕೆ ಏರಿಸಿ. ಕೊರತೆ ಎಲ್ಲಿದೆ ಅಂದರೆ, ಇದರ ಪಟ್ಟಿಗಳು ಎಕ್ಸ್‌ಟೆನ್ಶನ್ ಜೊತೆಗೇ ಕಟ್ಟಿಕೊಂಡು ಬರುತ್ತವೆ. ಪಟ್ಟಿ ಹೊಸದಾಗಬೇಕಾದರೆ ಎಕ್ಸ್‌ಟೆನ್ಶನ್ನೇ ಸ್ಟೋರ್ ಮೂಲಕ ಅಪ್‌ಡೇಟ್ ಆಗಬೇಕು. ಮೂಲ ಯುಬ್ಲಾಕ್ ಒರಿಜಿನ್‌ನಲ್ಲಾದರೆ ತುರ್ತು ಪಟ್ಟಿ ಕೆಲವೇ ಗಂಟೆಗಳಲ್ಲಿ ತಾನಾಗಿ ಬಂದು ಸೇರುತ್ತದೆ. ಯೂಟ್ಯೂಬ್ ತನ್ನ ತಂತ್ರ ಆಗಾಗ ಬದಲಿಸುತ್ತಲೇ ಇರುತ್ತದೆ, ಅಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಬ್ರೇವ್ ಅನ್ನುವ ಬ್ರೌಸರ್ ಬಗ್ಗೆಯೂ ಹೇಳಬೇಕು. ಅದು ಕ್ರೋಮ್‌ನದೇ ಅಡಿಪಾಯದ ಮೇಲೆ ಕಟ್ಟಿದ್ದು, ಆದರೆ ಜಾಹೀರಾತು ತಡೆಯುವ ಯಂತ್ರ ಬ್ರೌಸರ್ ಒಳಗೇ ಇದೆ, ಎಕ್ಸ್‌ಟೆನ್ಶನ್ ಅಲ್ಲ. ಹಾಗಾಗಿ ಮ್ಯಾನಿಫೆಸ್ಟ್ ಜಗಳ ಅದಕ್ಕೆ ತಟ್ಟುವುದಿಲ್ಲ. ಕ್ರೋಮ್ ಅಭ್ಯಾಸ ಬಿಡಲು ಇಷ್ಟವಿಲ್ಲದ ಮನೆಯವರಿಗೆ ನಾನು ಇದನ್ನೇ ಹಾಕಿಕೊಡುತ್ತೇನೆ, ಏನೂ ಸೆಟ್ಟಿಂಗ್ ಮಾಡದೆ ಕೆಲಸ ಮಾಡುತ್ತದೆ. ಕ್ರಿಪ್ಟೋ ವಾಲೆಟ್, ಅದರದೇ ಬಹುಮಾನದ ಜಾಹೀರಾತು ಅಂತ ಕೆಲವು ಬೇಡದ್ದು ಇದೆ, ಅವನ್ನು ಆಫ್ ಮಾಡಬಹುದು. ವಿವಾಲ್ಡಿ ಬ್ರೌಸರ್‌ನಲ್ಲೂ ಒಳಗೇ ಬ್ಲಾಕರ್ ಇದೆ, ಬ್ರೇವ್‌ನಷ್ಟು ಗಟ್ಟಿ ಅನ್ನಿಸಲಿಲ್ಲ. ಮೈಕ್ರೋಸಾಫ್ಟ್‌ನ ಎಡ್ಜ್‌ಗೆ ಓಡುವುದರಲ್ಲಿ ಅರ್ಥವಿಲ್ಲ, ಅದೂ ಕ್ರೋಮ್ ಹಿಂದೆಯೇ ಹೊರಟಿದೆ.

ಫೋನ್ ಕೇಳಿಲ್ಲ ನೀವು, ಆದರೂ ಹೇಳಿಬಿಡುತ್ತೇನೆ. ಆಂಡ್ರಾಯ್ಡ್‌ನ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕಲು ಆಗುವುದೇ ಇಲ್ಲ. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಹಾಕಬಹುದು. ಐಫೋನ್ ಆದರೆ ಸಫಾರಿಗೆ 2025ರಿಂದ ಲೈಟ್ ಆವೃತ್ತಿ ಸಿಗುತ್ತಿದೆ. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇದೆ (ಸೈಟ್‌ನ ಹೆಸರು ಕೊಟ್ಟರೆ ಅದರ ಸರ್ವರ್ ಎಲ್ಲಿದೆ ಎಂದು ಹುಡುಕಿಕೊಡುವ ಸೇವೆಯೇ ಡಿಎನ್‌ಎಸ್), ಅದಕ್ಕೆ ಜಾಹೀರಾತು ತಡೆಯುವ ಸಾಧನ ಮಾಡುವ ಆ್ಯಡ್‌ಗಾರ್ಡ್ ಕಂಪನಿಯವರ ಉಚಿತ ಡಿಎನ್‌ಎಸ್ ವಿಳಾಸ ಕೊಟ್ಟರೆ ಎಷ್ಟೋ ಆ್ಯಪ್‌ಗಳ ಒಳಗಿನ ಜಾಹೀರಾತೂ ಕಡಿಮೆಯಾಗುತ್ತದೆ. ಯೂಟ್ಯೂಬ್ ಜಾಹೀರಾತು ಮಾತ್ರ ಇದರಿಂದ ನಿಲ್ಲದು, ವಿಡಿಯೋ ಬರುವ ಕಡೆಯಿಂದಲೇ ಜಾಹೀರಾತೂ ಬರುತ್ತದೆ, ಒಂದನ್ನು ತಡೆದರೆ ಎರಡೂ ನಿಲ್ಲುತ್ತವೆ.

ಹುಡುಕುವಾಗ ಹೆಸರು ಸರಿಯಾಗಿ ನೋಡಿಕೊಳ್ಳಿ. ‘ಒರಿಜಿನ್’ ಇಲ್ಲದ ಬರೀ ಯುಬ್ಲಾಕ್ ಬೇರೆಯೇ, ಅದು 2018ರಲ್ಲಿ ಬೇರೆಯವರ ಕೈಸೇರಿತು. ಆ್ಯಡ್‌ಬ್ಲಾಕ್ ಪ್ಲಸ್ ಅನ್ನುವ ಇನ್ನೊಂದು ಬ್ಲಾಕರ್ ಹಾಕಿದರೆ ‘ಒಪ್ಪಬಹುದಾದ ಜಾಹೀರಾತು’ಗಳನ್ನು ಬಿಡುವ ಆಯ್ಕೆ ಮೊದಲೇ ಆನ್ ಆಗಿರುತ್ತದೆ, ದೊಡ್ಡ ಕಂಪನಿಗಳು ಆ ಪಟ್ಟಿಯಲ್ಲಿರಲು ಹಣ ಕೊಡುತ್ತವೆ. ಬೇಡ ಅನ್ನಿಸಿದರೆ ಸೆಟ್ಟಿಂಗ್‌ನಲ್ಲಿ ತೆಗೆಯಬೇಕು. 2018ರಲ್ಲಿ ಆ್ಯಡ್‌ಗಾರ್ಡ್‌ನವರು ಕ್ರೋಮ್ ಸ್ಟೋರ್‌ನಲ್ಲಿ ಪತ್ತೆಮಾಡಿದ ನಕಲಿ ಬ್ಲಾಕರ್‌ಗಳನ್ನು ಎರಡು ಕೋಟಿಗೂ ಹೆಚ್ಚು ಜನ ಹಾಕಿಕೊಂಡಿದ್ದರು. ಈಗ ಹಳೆಯದು ನಿಂತು ಎಲ್ಲರೂ ಹೊಸದು ಹುಡುಕುತ್ತಿರುವಾಗ ಇಂಥವು ಮತ್ತೆ ತಲೆ ಎತ್ತುತ್ತವೆ, ಅದಕ್ಕೇ ಹೇಳುತ್ತಿದ್ದೇನೆ.

ಮತ್ತೆ ನನ್ನದೊಂದು ಕೋರಿಕೆ. ಜಾಹೀರಾತಿನ ಪುಡಿಗಾಸಿನಲ್ಲೇ ನಡೆಯುವ ಸಣ್ಣ ಕನ್ನಡ ಸೈಟ್‌ಗಳಿವೆ, ಕಥೆ, ವಿಜ್ಞಾನ, ಊರಿನ ಸುದ್ದಿ ಬರೆಯುವವರು. ಓದುಗರಿಗೆ ಕಾಟ ಕೊಡದ ಹಾಗೆ ಒಂದೆರಡು ಜಾಹೀರಾತು ಹಾಕಿಕೊಂಡಿರುತ್ತಾರೆ. ಅಂಥ ಕಡೆ ಯುಬ್ಲಾಕ್ ಒರಿಜಿನ್ ಐಕಾನ್ ತೆರೆದು ದೊಡ್ಡ ನೀಲಿ ಪವರ್ ಗುಂಡಿ ಒತ್ತಿ, ಆ ಸೈಟ್‌ಗೆ ಮಾತ್ರ ಆಫ್ ಆಗುತ್ತದೆ. ನಾನು ಇಷ್ಟಪಡುವ ಸೈಟ್‌ಗಳಿಗೆ ಹಾಗೇ ಮಾಡಿದ್ದೇನೆ.

ಎಲ್ಲ ಹಾಕಿದ ಮೇಲೂ ಯಾವುದಾದರೂ ಕನ್ನಡ ಸೈಟ್‌ನಲ್ಲಿ ಜಾಹೀರಾತು ನುಸುಳಿದರೆ, ಅಥವಾ ಪುಟವೇ ಸರಿಯಾಗಿ ಕಾಣದಿದ್ದರೆ, ಅದೇ ಐಕಾನ್‌ನ ಕೆಳಗಿನ ಸಾಲಿನಲ್ಲಿ ಮಾತಿನ ಗುಳ್ಳೆಯ ಗುರುತು ಇದೆ, ಅದನ್ನು ಒತ್ತಿ ದೂರು ಕೊಡಿ. ದೂರುಗಳನ್ನು ದಾಖಲಿಸುವ ಗಿಟ್‌ಹಬ್ ಸೈಟ್‌ನಲ್ಲಿ ಖಾತೆ ಬೇಕಾಗುತ್ತದೆ, ಉಚಿತ. ಈ ಪಟ್ಟಿಗಳನ್ನು ನೋಡಿಕೊಳ್ಳುವವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಕನ್ನಡ ಓದಲು ಬರುವವರು ಅವರಲ್ಲಿ ಎಲ್ಲ ಹೊತ್ತಿಗೂ ಇರುತ್ತಾರೆ ಅನ್ನಲು ಆಗುವುದಿಲ್ಲ, ಆದ್ದರಿಂದ ದೂರಿನಲ್ಲಿ ಪುಟದ ವಿಳಾಸದ ಜೊತೆ ಸ್ಕ್ರೀನ್‌ಶಾಟ್ ಹಾಕಿ, ಯಾವುದು ಜಾಹೀರಾತು, ಯಾವುದು ಸುದ್ದಿ ಎಂದು ಗುರುತು ಮಾಡಿ ಕಳಿಸಿ.