ಥರ್ಮಾಮೀಟರ್ ಇಲ್ಲದ ಕಾಲದ ಚಳಿ ಗೊತ್ತಾಗೋದು ಹೇಗೆ?

ಹಿಂದೆ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನಡೀತಿತ್ತು ಅನ್ನೋದೇ ಭಯಂಕರ ಚಳಿಗೆ ಸಾಕಷ್ಟು ಪುರಾವೆ ಅಲ್ವಾ ಅಂತ ಕೇಳಿದ್ದೀರಿ. ಪುರಾವೆ ಹೌದು, ಆದರೆ ಅರ್ಧ ಮಾತ್ರ. ಹಳೆಯ ಲಂಡನ್ ಸೇತುವೆಯ ಕಮಾನುಗಳು ತುಂಬಾ ಕಿರಿದಾಗಿದ್ದವು, ನೀರು ಅಲ್ಲಿ ತಡೆದು ನಿಧಾನವಾಗಿ ಹರಿಯುತ್ತಿತ್ತು, ಹಾಗಾಗಿ ಬೇಗ ಮಂಜುಗಡ್ಡೆ ಕಟ್ಟುತ್ತಿತ್ತು. 1831ರಲ್ಲಿ ಹೊಸ ಸೇತುವೆ ಬಂತು, ಹಳೆಯದನ್ನು ಕೆಡವಿದರು, ನೀರಿಗಿದ್ದ ಆ ತಡೆಯೂ ಹೋಯಿತು. ಕೊನೆಯ ಜಾತ್ರೆ ನಡೆದದ್ದು 1814ರಲ್ಲಿ. ಜಾತ್ರೆ ನಿಂತಿದ್ದಕ್ಕೆ ಹವಾಮಾನ ಒಂದೇ ಕಾರಣ ಅನ್ನೋಕಾಗಲ್ಲ.

ಹಾಗಂತ ಚಳಿ ಸುಳ್ಳಲ್ಲ. ಮಧ್ಯ ಇಂಗ್ಲೆಂಡಿನ ತಾಪಮಾನದ ದಾಖಲೆ 1659ರಿಂದ ಇದೆ, ಅದರಲ್ಲಿ ಅತಿ ಚಳಿಯ ಚಳಿಗಾಲ 1683-84ರದ್ದು. ಮೂರು ತಿಂಗಳ ಸರಾಸರಿಯೇ ಸೊನ್ನೆಗಿಂತ ಕೆಳಗೆ!

ಥರ್ಮಾಮೀಟರಿಗಿಂತ ಹಿಂದಕ್ಕೆ ಹೋಗಬೇಕಾದರೆ ನನಗೆ ಜಾಸ್ತಿ ಇಷ್ಟವಾಗೋದು ಜಪಾನಿನ ಸುವಾ ಸರೋವರ. ಅಲ್ಲಿ ಮಂಜುಗಡ್ಡೆ ಬಿರಿದು ಏರಿಯಂತೆ ಮೇಲೆದ್ದರೆ ದೇವರು ನಡೆದು ದಾಟಿದ ದಾರಿ ಅಂತ ನಂಬಿಕೆ. ಅದಕ್ಕೇ ಅಲ್ಲಿನ ಶಿಂಟೋ (ಜಪಾನಿನ ಸಾಂಪ್ರದಾಯಿಕ ಧರ್ಮ) ಪೂಜಾರಿಗಳು ಸರೋವರ ಹೆಪ್ಪುಗಟ್ಟಿದ ದಿನವನ್ನು 1443ರಿಂದ ಬರೆದಿಡುತ್ತಾ ಬಂದಿದ್ದಾರೆ. ಅವರಿಗೆ ಬೇಕಿದ್ದದ್ದು ದೇವರ ಸುದ್ದಿ, ನಮಗೆ ಸಿಕ್ಕಿದ್ದು ಹವಾಮಾನದ ಲೆಕ್ಕ. ಫಿನ್ಲೆಂಡ್-ಸ್ವೀಡನ್ ಗಡಿಯ ಟೋರ್ನಿಯೋ ನದಿಯಲ್ಲೂ ವಸಂತದಲ್ಲಿ ಮಂಜುಗಡ್ಡೆ ಒಡೆಯುವ ದಿನವನ್ನು 1693ರಿಂದ ಗುರುತಿಟ್ಟಿದ್ದಾರೆ.

ಇನ್ನು ಮರದ ಉಂಗುರಗಳು, ಅಂದ್ರೆ ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ ಬೆಳವಣಿಗೆಯ ಗೆರೆಗಳು. ಅವನ್ನು ಸುಮ್ನೆ ಚಳಿಗಾಲಕ್ಕೆ ಎಳೆದು ತರಬೇಡಿ. ಚಳಿ ಪ್ರದೇಶದ ಮರ ಬೆಳೆಯೋದೇ ಬೇಸಿಗೆಯಲ್ಲಿ, ಹಾಗಾಗಿ ಅದು ಹೇಳೋದೂ ಹೆಚ್ಚಾಗಿ ಬೇಸಿಗೆಯ ಕಥೆಯನ್ನೇ.